ಪೂರ್ವಕ್ಕೆ ರೈಲು ಇದ್ದ ಸೈಟು

ಒಂದಾನೊಂದು ಊರಿನಲ್ಲಿ ಇನ್ನೂ ಊರೇ ಇರಲಿಲ್ಲ.

ನಗಬೇಡಿ. ಕತೆ ಕೇಳುವವರು ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ನಡುವೆ ‘ಅದು ಹೇಗೆ?’ ಅನ್ನಬಾರದು. ಅದು ಹೇಗೆ ಅಂತ ನಾನೇ ಹೇಳುತ್ತೇನೆ.

ಒಂದು ಬಯಲು ಇತ್ತು. ಬಯಲಿನಲ್ಲಿ ಹೊಸದಾಗಿ ಹಾಕಿದ ರೈಲು ಹಳಿ ಇತ್ತು. ಹಳಿಯ ಪಕ್ಕ ಒಂದು ಸ್ಟೇಷನ್ನು, ಸ್ಟೇಷನ್ನಿನ ಪಕ್ಕ ಒಂದು ಕೈಮರ, ಕೈಮರದ ಪಕ್ಕ ‘ಗಾಡಿಪೇಟೆ’ ಅಂತ ಬರೆದ ಒಂದು ಹಲಗೆ. ಹಲಗೆ ಇತ್ತು, ಪೇಟೆ ಇರಲಿಲ್ಲ. “ಮೊದಲು ಹೆಸರು ಬರೆಯಿರಿ. ಬರೆದ ಮೇಲೆ ಊರು ಬಂದೇ ಬರುತ್ತದೆ” ಎಂದಿದ್ದ ಆ ದೇಶದ ರಾಜ.

ಈ ರಾಜನಿಗೆ ಯುದ್ಧದ ಚಿಂತೆ ಇರಲಿಲ್ಲ, ಮಳೆಯ ಚಿಂತೆ ಇರಲಿಲ್ಲ. ಒಂದೇ ಚಿಂತೆ, ಚಿತ್ತು. ಬರೆದ ಕಾಗದದಲ್ಲಿ ಒಂದು ಅಕ್ಷರ ಹೊಡೆದು ಹಾಕಿದ್ದು ಕಂಡರೆ ಸಾಕು, ಅವನ ಕಣ್ಣು ಮೇಲಾಗುತ್ತಿತ್ತು, ಕಾಲು ತಣ್ಣಗಾಗುತ್ತಿತ್ತು, ಮಂತ್ರಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯಬೇಕಾಗುತ್ತಿತ್ತು. ಅದಕ್ಕೇ ಡಂಗುರ ಹೊಡೆಸಿದ್ದ: “ಬರೆದದ್ದು ಬರೆದದ್ದೇ. ಬರಹಕ್ಕೂ ಲೋಕಕ್ಕೂ ತಾಳೆಯಾಗದಿದ್ದರೆ ಬರಹವನ್ನು ತಿದ್ದಕೂಡದು. ಲೋಕವನ್ನು ತಿದ್ದತಕ್ಕದ್ದು.”

ಎಷ್ಟು ಚೊಕ್ಕ ಕಾನೂನು! ಮೊದಲ ಸಲ ಕೇಳಿದಾಗ ನನಗೂ ಹಾಗೆಯೇ ಅನ್ನಿಸಿತ್ತು.

ಇನ್ನೊಂದು ಕಾನೂನೂ ಇತ್ತು. ಅಪ್ಪಣೆಯಿಲ್ಲದೆ ಇನ್ನೊಬ್ಬರ ನೆಲದಲ್ಲಿ ಕಾಲಿಟ್ಟವನು, ಆ ನೆಲದ ಒಡೆಯ ‘ಸಾಕು’ ಅನ್ನುವವರೆಗೆ ಒಂಟಿಕಾಲಿನಲ್ಲಿ ನಿಲ್ಲಬೇಕು.

ಅಲ್ಲಿಂದ ಬಹು ದೂರದ ಹಳ್ಳಿಯಲ್ಲಿ ಕರಬಸಪ್ಪ ಅಂತ ಒಬ್ಬ ಗಾಣಿಗ. ಅವನ ಹೆಂಡತಿ ಹಾಲವ್ವ. ಮನೆ ಇತ್ತು, ಗಾಣ ಇತ್ತು, ಗಾಣಕ್ಕೆ ಎತ್ತು ಇತ್ತು. ಒಂದು ದಿನ ರಾಜನ ಸೈಟುಗಳನ್ನು ಮಾರುವ ಅಡಿವೆಪ್ಪ ಬಂದು ಅವರ ಕಟ್ಟೆಯ ಮೇಲೆ ಕೂತ.

“ಕರಬಸಪ್ಪಾ, ಗಾಡಿಪೇಟ್ಯಾಗ ಇವತ್ತು ನೆಲ ಹಿಡಿದವನು ನಾಳೆ ಸಾವ್ಕಾರ. ರೈಲು ಬಂತು ಅಂದ್ರ ಒಂದಕ್ಕ ಹತ್ತು!”

“ಅಲ್ಲಿ ಜನ ಎಷ್ಟ್ ಅದಾರ್ರಿ?” ಎಂದಳು ಹಾಲವ್ವ.

“ಒಬ್ರೂ ಇಲ್ಲ ತಂಗಿ. ಅದಕ್ಕೇ ಅಗ್ಗ.”

ಕರಬಸಪ್ಪನಿಗೆ ಇದು ಬಲು ಸರಿಯಾಗಿ ಕಂಡಿತು. ಮನೆ ಮಾರಿದ. ಗಾಣ ಮಾರಿದ. ಎತ್ತು ಮಾರಿದ. ಹಾಲವ್ವ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ನೋಡ್ರಿ, ಅಲ್ಲಿ ಹೋದ ದಿನಾನ ನನಗ ನಾಕು ಗೋಡಿ ಆಗಬೇಕು. ನೆತ್ತಿ ಮ್ಯಾಲೆ ಸೂರಿಲ್ಲದಂಗ ಮಾಡೀರಿ.”

“ಹುಚ್ಚೀ, ಗೋಡಿ ಕಟ್ಟಿದ್ರ ಬೆಲಿ ಇಳೀತೈತಿ. ಸೈಟು ಖಾಲಿ ಇದ್ರೇನ ಚಂದ. ಮಾರಿದ ಮ್ಯಾಲೆ ಅರಮನಿ ಕಟ್ಟಸ್ತೀನಿ ಸುಮ್ನಿರು.”

ಇಬ್ಬರೂ ಗಾಡಿಪೇಟೆಗೆ ಬಂದರು. ಅವರೇ ಮೊದಲ ಗಿರಾಕಿಗಳು. ಪತ್ರ ಬರೆಯುವ ವಾಮನಾಚಾರಿ ಬಯಲಿನಲ್ಲಿ ಚಾಪೆ ಹಾಸಿ, ಮಸಿಕುಡಿಕೆ ತೆಗೆದು ಬರೆದರು. ಅಗಲ ಮೂವತ್ತು ಅಡಿ, ಉದ್ದ ನಲವತ್ತು ಅಡಿ, ಒಟ್ಟು ಸಾವಿರದ ಇನ್ನೂರು ಚದರ ಅಡಿ. ಆಮೇಲೆ ಚಕ್ಕುಬಂದಿ. ಚಕ್ಕುಬಂದಿ ಇಲ್ಲದ ಪತ್ರ ಪತ್ರವೇ ಅಲ್ಲ. ನಾಲ್ಕು ದಿಕ್ಕಿಗೆ ಏನೇನು ಗಡಿ ಇದೆ, ಬರೆಯಲೇಬೇಕು.

“ಗಡಿಗೆ ನೆಡುವ ಬಾಂದುಕಲ್ಲು ಎಲ್ಲಿ?” ಎಂದರು ವಾಮನಾಚಾರಿ.

“ಕಲ್ಲು ಇನ್ನೂ ಬಂದಿಲ್ರಿ ಆಚಾರ್ರೆ. ಇದ್ದದ್ದು ಬರೀರಿ” ಎಂದ ಅಡಿವೆಪ್ಪ.

ಉತ್ತರಕ್ಕೆ ಕೈಮರ ಇತ್ತು. ಕೈಮರ ಬರೆದರು. ಪಶ್ಚಿಮಕ್ಕೆ ಏನೂ ಇರಲಿಲ್ಲ, ಒಂದು ಎಮ್ಮೆ ಮಲಗಿತ್ತು. ಎಮ್ಮೆ ಬರೆದರು. ದಕ್ಷಿಣಕ್ಕೆ ಎಮ್ಮೆಯೂ ಇರಲಿಲ್ಲ. “ನಾನೇ ನಿಂತೀನಲ್ಲ, ನನ್ನ ಬರೀರಿ” ಎಂದ ಅಡಿವೆಪ್ಪ. ಬರೆದರು.

“ಪೂರ್ವಕ್ಕೆ ರೈಲು ಹಳಿ” ಎಂದು ವಾಮನಾಚಾರಿ ಲೇಖನಿ ಊರುವಷ್ಟರಲ್ಲಿ ಕರಬಸಪ್ಪ ಹಾರಿ ಅವರ ಕೈ ಹಿಡಿದ.

“ಹಳಿ ಬ್ಯಾಡ್ರಿ! ಹಳಿ ಅಂದ್ರ ಕಬ್ಬಿಣ. ಅದನ್ನ ಓದಿ ಯಾವಾನು ಕೊಳ್ತಾನ? ಹಳಿ ಮ್ಯಾಲೆ ರೈಲು ನಿಂತೈತಲ್ಲ, ‘ರೈಲು’ ಅಂತ ಬರೀರಿ. ನಾಳೆ ಗಿರಾಕಿ ಪತ್ರ ಹಿಡಿದ್ರ ಅವನ ಕಿವ್ಯಾಗ ಕೂ ಅನ್ನಬೇಕು!”

“ಬರೆದರೆ ಬರೆದದ್ದೇ, ಕರಬಸಪ್ಪ.”

“ಬರದದ್ದ ಆಗ್ಲಿ ಅಂತೇ ಹೇಳಾಕತ್ತೀನಿ.”

‘ಪೂರ್ವಕ್ಕೆ: ರೈಲು.’ ಬರೆದರು. ಮೊಹರು ಬಿತ್ತು. ಮಸಿ ಒಣಗಿತು.

ರೈಲು ಕೂ ಎಂದಿತು. ರೈಲು ಹೊರಟಿತು.

ಅಯ್ಯಯ್ಯೋ! ರೈಲಿನ ಜೊತೆಗೆ ಸೈಟೂ ಹೊರಟಿತು! ಪಶ್ಚಿಮದ ತುದಿ ಎಮ್ಮೆಯ ಹತ್ತಿರವೇ ನಿಂತಿತು, ಪೂರ್ವದ ತುದಿ ರೈಲಿನ ಹಿಂದೆ ಓಡಿತು. ನಡುವಿನ ನೆಲ ಹೋಳಿಗೆಯ ಕಣಕದ ಹಾಗೆ ಹಿಗ್ಗತೊಡಗಿತು.

“ಏನ್ರೀ! ನೆಲ ಹೊಂಟೈತಿ! ಹಿಡೀರಿ!” ಎಂದು ಚೀರಿದಳು ಹಾಲವ್ವ.

“ಹೋಗ್ಲಿ ಬಿಡು, ಬೆಳಿಯಾಕತ್ತೈತಿ! ಎಂಬತ್ತು ಅಡಿ ಆತು! ನೂರು ಆತು!” ಕರಬಸಪ್ಪ ಕುಣಿದ.

ಕುಣಿಯುತ್ತಿದ್ದ ಅವನ ಎಡಗಾಲಿಗೆ ಜಾಗ ಸಾಲದಾಯಿತು. ಯಾಕೆ? ಪತ್ರದಲ್ಲಿ ಏನು ಬರೆದಿತ್ತು? ಸಾವಿರದ ಇನ್ನೂರು ಚದರ ಅಡಿ. ಬರೆದದ್ದು ಬರೆದದ್ದೇ. ಉದ್ದ ಹೆಚ್ಚಿದರೆ ಅಗಲ ಇಳಿಯಲೇಬೇಕು. ಎಂಬತ್ತು ಅಡಿಗೆ ಹದಿನೈದು. ನಾನೂರು ಅಡಿಗೆ ಮೂರೇ ಮೂರು. ಒಂದು ಮೈಲಿ ಆಗುವಾಗ ಮೂರು ಬೆರಳು. ದಕ್ಷಿಣದ ಗಡಿಯಾಗಿದ್ದ ಅಡಿವೆಪ್ಪ ನಿಂತ ನಿಲುವಿನಲ್ಲೇ ಉತ್ತರಕ್ಕೆ ಜಾರಿ ಜಾರಿ ಬಂದು ಕೈಮರಕ್ಕೆ ಮೂಗು ಒತ್ತಿಕೊಂಡು ನಿಂತ. “ಬಿಡಸ್ರಪ್ಪೋ!” ಎಂದು ಒದರಿದ. ಗಡಿಯನ್ನು ಕದಲಿಸುವುದು ಅಪರಾಧ. ಯಾರು ಬಿಡಿಸುತ್ತಾರೆ?

ಎಮ್ಮೆ ಏಳಲಿಲ್ಲ. ಎದ್ದಿದ್ದರೆ ಈ ಕತೆ ಎರಡರಷ್ಟು ಉದ್ದವಾಗುತ್ತಿತ್ತು.

ಸಂಜೆಯ ಹೊತ್ತಿಗೆ ರೈಲು ನೂರು ಮೈಲಿ ಆಚೆಯ ರಾಜಧಾನಿ ಸೇರಿತು. ಕರಬಸಪ್ಪನ ಸೈಟು ನೂರು ಮೈಲಿ ಉದ್ದದ ಒಂದು ನೂಲಿನೆಳೆ ಆಯಿತು. ಆಚೆಗೂ ಈಚೆಗೂ ರಾಜನ ನೆಲ. ಎಳೆಯಿಂದ ಒಂದು ಬೆರಳು ಆಚೆ ಇಟ್ಟರೂ ಒಂಟಿಕಾಲು.

“ಈಗ ಎಲ್ಲಿ ಕಟ್ಟಸ್ತೀರಿ ನನ್ನ ಗೋಡಿ? ದಾರದ ಮ್ಯಾಲೇನು?”

ಕರಬಸಪ್ಪ ಬಾಯಿ ತೆರೆದು ಎಳೆ ಹೋದ ದಿಕ್ಕಿಗೆ ನೋಡಿದ.

“ಬಾಯಿ ಮುಚ್ಚಿ ನಡೀರಿ. ಸೈಟು ಹೆಂಗೂ ರಾಜನ ತನಕ ಹೋಗೈತಿ.”

ಇಬ್ಬರೂ ದೊಂಬರು ಹಗ್ಗದ ಮೇಲೆ ನಡೆಯುವ ಹಾಗೆ ತಮ್ಮ ಸ್ವಂತ ಸೈಟಿನ ಮೇಲೆ ನಡೆದರು. ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ. ಹಾರೋಗುಂಡಿ ಎಂಬ ಹಳ್ಳಿಗೆ ಬಂದರೆ ಅಲ್ಲೊಬ್ಬ ಮುದುಕಿ ಇವರ ಸೈಟನ್ನು ಎತ್ತಿ, ಎರಡು ಗೂಟಕ್ಕೆ ಬಿಗಿದು, ಒದ್ದೆ ಸೀರೆ ಹರವಿದ್ದಳು.

“ಯವ್ವಾ, ಇದು ನಮ್ಮ ಸೈಟು!”

“ಹೌದಾ? ಬಲು ಗಟ್ಟಿ ಐತಿ ತಂಗಿ, ಹರಿಲಿಲ್ಲ. ಸೀರಿ ಒಣಗಿದ ಮ್ಯಾಲೆ ದಾಟ್ರಿ.”

ಸೀರೆ ಒಣಗುವ ತನಕ ಕಾದರು. ನಾಲ್ಕು ದಿನ ನಡೆದರು. ರಾಜಧಾನಿಯಲ್ಲಿ ರೈಲಿಗೆ ಇನ್ನೂ ಹೂವು, ಆರತಿ, ಮೆರವಣಿಗೆ ನಡೆದೇ ಇತ್ತು. ಸೈಟು ಅರಮನೆಯ ಅಂಗಳವನ್ನು ಹಾದು ಹೋಗಿತ್ತು. ರಾಜ ಪತ್ರವನ್ನು ಓದಿದ. ಇನ್ನೊಮ್ಮೆ ಓದಿದ. ಅವನ ಕಣ್ಣಿನಲ್ಲಿ ನೀರು ಬಂತು.

“ಆಹಾ! ಒಂದೇ ಒಂದು ಚಿತ್ತಿಲ್ಲ!”

“ದೊರಿಗಳೇ,” ಎಂದಳು ಹಾಲವ್ವ, ಎಳೆಯ ಮೇಲೆ ತೂಗಾಡುತ್ತ, “ಆ ‘ರೈಲು’ ಅನ್ನೂದನ್ನ ಹೊಡದು ‘ಕಲ್ಲು’ ಅಂತ ಬರಸ್ರಿ. ನಮಗ ನಿಲ್ಲಾಕ ನೆಲ ಇಲ್ಲ.”

‘ಹೊಡೆದು’ ಎಂಬ ಮಾತು ಕೇಳಿದ್ದೇ ರಾಜ ದಬಕ್ಕನೆ ಬಿದ್ದ. ಈರುಳ್ಳಿ ಬಂತು. ರಾಜ ಎದ್ದ.

“ಬರಹ ತಿದ್ದುವುದಿಲ್ಲ. ಲೋಕ ತಿದ್ದುತ್ತೇನೆ. ರೈಲನ್ನು ಕರೆಯಿರಿ!”

ಕೊರಳ ತುಂಬ ಚೆಂಡುಹೂವು ಹಾಕಿಕೊಂಡು ರೈಲು ಬಂತು. “ಮರಳಿ ಗಾಡಿಪೇಟೆಗೆ ಹೋಗಿ ಇವರ ಸೈಟಿನ ಪೂರ್ವಕ್ಕೆ ಸುಮ್ಮನೆ ನಿಲ್ಲು” ಎಂದ ರಾಜ.

“ನಿಲ್ಲುತ್ತೇನೆ,” ಎಂದಿತು ರೈಲು ಹೊಗೆ ಬಿಟ್ಟು. “ನನ್ನದೇನು ಹಟವಿಲ್ಲ. ಆದರೆ ನಾನು ಊರುಗಳಿಗೆ ಹೋಗಕೂಡದು ಎಂದಾದರೆ ಊರುಗಳೇ ನನ್ನ ಹತ್ತಿರ ಬರಬೇಕು. ವೇಳಾಪಟ್ಟಿ ಇದೆ. ಒಂದು ನಿಮಿಷ ತಡವಾದರೂ ಸಹಿಸುವುದಿಲ್ಲ.”

“ಅದೇನು ಮಹಾ! ಆಗಲಿ” ಎಂದ ರಾಜ.

ರಾಜನಾದವನು ಹೀಗೆ ‘ಆಗಲಿ’ ಅನ್ನಬಹುದೇ? ಅಂದುಬಿಟ್ಟ!

ರೈಲು ಹಿಂದಕ್ಕೆ ಹೋಯಿತು. ಸೈಟೂ ಸುರುಳಿ ಸುತ್ತಿಕೊಂಡು ಗಂಡಹೆಂಡಿರನ್ನು ಎಳೆದುಕೊಂಡೇ ಹೋಯಿತು. ಗಾಡಿಪೇಟೆಯಲ್ಲಿ ರೈಲು ನಿಂತಿತು. ಮೂವತ್ತು, ನಲವತ್ತು. ಒಂದು ಅಂಗುಲ ಹೆಚ್ಚಿಲ್ಲ, ಒಂದು ಅಂಗುಲ ಕಮ್ಮಿಯಿಲ್ಲ. ಹಾಲವ್ವ ಎರಡು ಪಾದವನ್ನೂ ಅಗಲವಾಗಿ ಊರಿ ನಿಂತಳು. ಗೋಡೆಗೆ ಮಣ್ಣು ಅಗೆಯೋಣ ಎಂದು ಬಗ್ಗಿದಳು.

ಒಂಬತ್ತು ಗಂಟೆ ಹತ್ತು ನಿಮಿಷ. ಹಾರೋಗುಂಡಿ ಬಂತು.

ಹಳ್ಳಿಗೆ ಹಳ್ಳಿಯೇ! ಬಾವಿಯ ಸಮೇತ, ಕಣದ ಸಮೇತ, ಕಟ್ಟೆಯ ಮೇಲೆ ಕೂತ ಹಿರಿಯರ ಸಮೇತ ದಡಬಡ ಓಡಿ ಬಂದು ರೈಲಿನ ಬಾಗಿಲ ಮುಂದೆ ನಿಂತಿತು. ರೈಲಿನ ಬಾಗಿಲ ಮುಂದೆ ಇದ್ದದ್ದು ಯಾವ ನೆಲ? ಅದೇ ಸೈಟು.

“ಎರಡ ನಿಮಿಷ ತಂಗಿ, ಜರಾ ಸರೀರಿ” ಎಂದರು ಹಿರಿಯರು. ಇಬ್ಬರು ಹತ್ತಿದರು, ಮೂವರು ಇಳಿದರು, ಹಳ್ಳಿ ಹೊರಟುಹೋಯಿತು. ಹಾಲವ್ವ ಮತ್ತೆ ಬಗ್ಗಿದಳು. ಹತ್ತೂಕಾಲಿಗೆ ಮುದ್ದೇನಕಟ್ಟೆ ಬಂತು. ಅದಕ್ಕೆ ಕೆರೆ ಬೇರೆ ಇತ್ತು. ಇಬ್ಬರೂ ಕೊರಳವರೆಗೆ ನೀರಿನಲ್ಲಿ ನಿಂತರು. ಅಡಿವೆಪ್ಪ ಮಾತ್ರ ತನ್ನ ದಕ್ಷಿಣದ ಗಡಿಯಲ್ಲಿ ನಿಂತು ಕೈ ತಟ್ಟಿದ. “ಎಲ್ಲ ಊರಿಗೂ ಹತ್ರ ಇರೋ ಸೈಟು! ಈಗ ಒಂದಕ್ಕ ನೂರು! ನಾ ಹೇಳಿರ್ಲಿಲ್ಲೇನು?”

“ಕೇಳ್ದೇನ ಹಾಲವ್ವ, ನೂರು!” ಎಂದ ಕರಬಸಪ್ಪ, ಬಾಯಿಯಿಂದ ನೀರು ಉಗುಳಿ.

ಹಾಲವ್ವ ಅವನನ್ನು ನೋಡಿದ ನೋಟವನ್ನು ನಾನು ಇಲ್ಲಿ ಹೇಳುವುದಿಲ್ಲ.

ಐದು ಗಂಟೆಗೆ ಕೊನೆಯ ನಿಲ್ದಾಣ. ಅಂದರೆ ರಾಜಧಾನಿ. ಬೀದಿಗಳು ಬಂದವು, ಬುರುಜು ಬಂತು, ಆನೆಲಾಯ ಬಂತು. ಎಲ್ಲದರ ನಡುವೆ ಅರಮನೆ ಬಂದು ಸರಿಯಾಗಿ ಸೈಟಿನ ಮೇಲೆ ಕುಕ್ಕರಿಸಿತು. ಕೊನೆಯ ನಿಲ್ದಾಣವಾದ್ದರಿಂದ ಅದು ಮರಳಿ ಹೊರಡುವ ಹಾಗಿಲ್ಲ. ಕರಬಸಪ್ಪ, ಹಾಲವ್ವ ಇದ್ದಲ್ಲೇ ಇದ್ದರು. ಆದರೆ ಈಗ ಸಿಂಹಾಸನದ ಮುಂದೆ ಇದ್ದರು.

“ಅತಿಕ್ರಮಣ! ಅರಮನೆಯೊಳಗೆ ಅಪ್ಪಣೆಯಿಲ್ಲದೆ! ಒಂಟಿಕಾಲು!” ಎಂದು ಕಾವಲುಗಾರರು ನುಗ್ಗಿದರು.

“ಯಾರು ಯಾರ ನೆಲದಾಗ ಅದಾರ?” ಎಂದಳು ಹಾಲವ್ವ. ಪತ್ರ ಬಿಚ್ಚಿ ರಾಜನ ಮುಂದೆ ಹಿಡಿದಳು. “ಓದ್ರಿ ದೊರಿಗಳೇ. ಚಿತ್ತೇನರ ಐತೇನು ನೋಡ್ರಿ.”

ರಾಜ ಓದಿದ. ಉತ್ತರಕ್ಕೆ ಕೈಮರ. ಕಿಟಕಿಯಲ್ಲಿ ಕಾಣುತ್ತಿತ್ತು. ಪೂರ್ವಕ್ಕೆ ರೈಲು. ಅದೂ ಕಾಣುತ್ತಿತ್ತು. ರಾಜನ ಮುಖ ಸುಣ್ಣವಾಯಿತು. ಅವನು ಮೆಲ್ಲಗೆ ಸಿಂಹಾಸನದಿಂದ ಇಳಿದ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಎಡಗಾಲು ಎತ್ತಿದ.

ಸಭೆ ಹೌಹಾರಿತು. ರಾಜ ಒಂಟಿಕಾಲಿನಲ್ಲಿದ್ದಾಗ ಮಂತ್ರಿ ಎರಡು ಕಾಲಿನಲ್ಲಿ ನಿಲ್ಲಬಹುದೇ? ಮಂತ್ರಿಯೂ ಕಾಲೆತ್ತಿದ. ಮಂತ್ರಿ ಎತ್ತಿದ ಮೇಲೆ ಸೇನಾಪತಿ. ಆಮೇಲೆ ಕಾವಲುಗಾರರು. ಆಮೇಲೆ ಆನೆಗಳಿಗೆ ಹೇಳಿದರು. ಆನೆಗಳಿಗೆ ಆಗಲಿಲ್ಲ, ಬಿದ್ದವು. ಬುರುಜು ಅಲ್ಲಾಡಿತು.

“ತಾಯಿ, ಸಾಕು ಅನ್ನು!” ರಾಜ ಬೆವರುತ್ತಿದ್ದ.

“ಅಂತೀನಿ. ರೈಲು ಹೊಡೀರಿ, ಕಲ್ಲು ಬರೀರಿ.”

“ಬೇರೆ ಏನಾದರೂ ಕೇಳು. ಅರ್ಧ ರಾಜ್ಯ ಕೇಳು!”

“ಅರ್ಧ ರಾಜ್ಯ ತಗೊಂಡು ಎಲ್ಲಿ ಇಟ್ಕೊಳ್ಳಲಿ? ನಲವತ್ತಡಿ ನಿಲ್ಲವಲ್ದು.”

ಮಂತ್ರಿ ಕುಂಟುತ್ತ ಹೋಗಿ ಲೇಖನಿ ತಂದ. ರಾಜ ಕಣ್ಣು ಮುಚ್ಚಿದ. ಆ ದೇಶದಲ್ಲಿ ಹಿಂದೆ ಯಾರೂ ಹೊಡೆಯದ ಒಂದು ಗೆರೆಯನ್ನು ರಾಜ ಹೊಡೆದ. ಮೇಲೆ ‘ಕಲ್ಲು’ ಎಂದು ಬರೆದ. ಈರುಳ್ಳಿ ಸಿದ್ಧವಿತ್ತು, ಆದರೆ ರಾಜ ಬೀಳಲಿಲ್ಲ. ಅವನೇ ಬೆರಗಾಗಿ ನೋಡುತ್ತ ನಿಂತ.

“ಸಾಕು” ಎಂದಳು ಹಾಲವ್ವ.

ಆಗ ಹೊರಗಿನಿಂದ ಕಟಕಟ ಸದ್ದು ಕೇಳಿತು. ಬರೆದದ್ದು ಬರೆದದ್ದೇ ಅಲ್ಲವೇ? ಪೂರ್ವಕ್ಕೆ ಕಲ್ಲು. ರೈಲಿನ ಗಾಲಿ ಕಲ್ಲಾಯಿತು. ಡಬ್ಬಿ ಕಲ್ಲಾಯಿತು. ಹೊಗೆ ಕೂಡ ಮೇಲೆದ್ದಲ್ಲೇ ಕಲ್ಲಾಯಿತು. ಪುಣ್ಯಕ್ಕೆ ಜನ ಇಳಿದಿದ್ದರು. ಯಾರದೋ ಒಂದು ಛತ್ರಿ ಒಳಗೇ ಉಳಿದು ಅದೂ ಕಲ್ಲಾಯಿತು.

ರೈಲೇ ಇಲ್ಲದ ಮೇಲೆ ಊರುಗಳಿಗೆ ಅಲ್ಲೇನು ಕೆಲಸ? ರಾಜಧಾನಿ ಅರಮನೆಯನ್ನು ಎತ್ತಿಕೊಂಡು ತನ್ನ ಜಾಗಕ್ಕೆ ಹೊರಟುಹೋಯಿತು. ಬಯಲು ಬಯಲಾಯಿತು. ಅಡಿವೆಪ್ಪ ತಲೆಯ ಮೇಲೆ ಕೈ ಹೊತ್ತು ನಿಂತ. ಕರಬಸಪ್ಪ ಸೈಟಿನ ನಡುವೆ ಕುಸಿದು ಕೂತ.

“ಮುಗೀತು ಹಾಲವ್ವ. ಎಲ್ಲಾ ಮಾರಿ ತಗೊಂಡಿದ್ದು. ರೈಲಿಲ್ಲದ ಊರಾಗ ಸೈಟು ಯಾರು ಕೊಳ್ತಾರ?”

“ಯಾರೂ ಕೊಳ್ಳೂದಿಲ್ಲೇನು?”

“ಯಾರೂ ಇಲ್ಲ.”

“ಬರೂ ವರ್ಷ?”

“ಬರೂ ವರ್ಷನೂ ಇಲ್ಲ.”

“ಮೊಮ್ಮಕ್ಕಳ ಕಾಲಕ್ಕಾದ್ರೂ?”

“ಇಲ್ಲ ಅಂದ್ರ ಇಲ್ಲ! ಎಷ್ಟ ಸಲ ಕೇಳ್ತಿ?”

ಹಾಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಹಂಗಾದ್ರ ಏಳ್ರಿ, ಮಣ್ಣು ಕಲಸ್ರಿ.”

ನೀತಿ ಬೇಕೇ? ಬರೆದುಕೊಳ್ಳಿ. ಪತ್ರಕ್ಕೆ ಸಹಿ ಹಾಕುವ ಮುಂಚೆ ನಾಲ್ಕು ಗಡಿಯನ್ನೂ ಕಾಲಿನಿಂದ ಒದ್ದು ನೋಡಬೇಕು. ಒದ್ದವನ ಕಾಲು ನೊಂದರೆ ಗಡಿ ಸರಿಯಿದೆ. ಅವರ ಗೋಡೆ ಎದ್ದಿತು, ನನ್ನ ಕತೆ ಕೂತಿತು. ನೀವೂ ಏಳಿ, ಚಾಪೆ ಸುತ್ತಿಡಿ.