ಉದ್ದ ಹೆಸರಿನ ಕಿಲಾಡಿ

"ಗುರುಗಳೇ, ಬರೀ ಹೆಸರು ಹೇಳಿ ಬೀಗ ತೆಗೆಸೋಕೆ ಆಗುತ್ತಾ?"

ಓಡಿ ಬಂದ ಶಿಷ್ಯ ನೇಮಿರಾಜ ಏದುಸಿರು ಬಿಡುತ್ತಿದ್ದ. ಊರಿನ ಫೋಟೊ ಸ್ಟುಡಿಯೋಗೆ ಅವನೊಂದು ಫೈಲ್ ಸರ್ವರ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದ. ಮದುವೆ ಮನೆಯವರು ಹೆಸರು, ಪಾಸ್‌ವರ್ಡ್ ಕೊಟ್ಟರೆ ಅವರ ಫೋಟೊ ಅವರಿಗೆ ಸಿಗುತ್ತಿತ್ತು. ಈಗ ಯಾರೋ ನುಗ್ಗಿ ಎಲ್ಲರ ಮನೆಯ ಫೋಟೊಗಳನ್ನೂ ಹೊತ್ತೊಯ್ದಿದ್ದ. ಪಾಸ್‌ವರ್ಡಿನ ತಂಟೆಗೇ ಹೋಗಿರಲಿಲ್ಲ. ಹೆಸರಿನ ಜಾಗದಲ್ಲಿ ಮಾತ್ರ ಪುಟಗಟ್ಟಲೆ ಏನೇನೋ ತುಂಬಿದ್ದ.

"ಸಂಜೆಗೆ ಸರ್ವರ್ ಮತ್ತೆ ಶುರು ಮಾಡಬೇಕು ಗುರುಗಳೇ. ಇನ್ನೊಂದು ಸಲ ಹೀಗಾದರೆ ಸ್ಟುಡಿಯೋದವರು ನನ್ನನ್ನು ಹೊಸಿಲು ತುಳಿಯೋಕೂ ಬಿಡಲ್ಲ. ಇನ್ನೂ ಎರಡು ಬೀಗ ಜಡಿದುಬಿಡ್ಲಾ?"

"ಮೊದಲು ಕೂತ್ಕೋ," ಎಂದರು ಗುರುಗಳು. ಕತೆ ಶುರು ಮಾಡಿದರು.

ಒಬ್ಬ ವರ್ತಕನಿದ್ದ. ಅವನದೊಂದು ಉಗ್ರಾಣ. ಜನ ತಮ್ಮ ಗಂಟುಗಳನ್ನು ಅಲ್ಲಿಟ್ಟು ನಿಶ್ಚಿಂತೆಯಾಗಿರುತ್ತಿದ್ದರು. ಬಾಗಿಲಲ್ಲಿ ಕಾವಲುಗಾರ. ಅವನ ಮುಂದೆ ಮರಳು ಹರಡಿದ ಉದ್ದನೆಯ ಹಲಗೆ. ಬಂದವನು ಅದರ ಎಡಗಡೆ ಬೆರಳಿನಿಂದ ತನ್ನ ಹೆಸರು ಬರೆಯಬೇಕು. ಪಕ್ಕದಲ್ಲೇ, ಅದೇ ಮರಳಿನಲ್ಲಿ, ವರ್ತಕನ ಅಪ್ಪಣೆ: 'ಗುರುತಿನ ಉಂಗುರ ತೋರಿಸಿದರೆ ಇವನ ಗಂಟು ಇವನಿಗೆ ಕೊಡು.' ಕಾವಲುಗಾರ ಹೆಸರು ಓದುವನು, ಅಪ್ಪಣೆ ಓದುವನು, ಓದಿದಂತೆ ಮಾಡುವನು. ಸ್ವಂತ ಬುದ್ಧಿ ಓಡಿಸುವವನಲ್ಲ. ಆ ಕೆಲಸಕ್ಕೆ ಅಂಥವನೇ ಬೇಕಿತ್ತು.

ಒಂದು ದಿನ ಒಬ್ಬ ಕಿಲಾಡಿ ಬಂದ. ತನ್ನ ಹೆಸರು ಬರೆದ. ಅಪ್ಪನ ಹೆಸರು ಬರೆದ. ಅಜ್ಜನದು ಬರೆದ. ಮುತ್ತಜ್ಜನ ಬಿರುದುಗಳಿಗೆ ಕೈಹಾಕಿದ: ಹುಲಿಗೆ ಹೊಡೆದವನು, ಹುಲಿಯಿಂದ ಹೊಡೆಸಿಕೊಂಡವನು, ಹುಲಿಯನ್ನು ಕ್ಷಮಿಸಿದವನು...

"ಇನ್ನೂ ಇದೆಯಾ ಸ್ವಾಮಿ?" ಎಂದ ಕಾವಲುಗಾರ.

"ದೊಡ್ಡ ಮನೆತನ ಕಣಯ್ಯಾ! ಹಿರಿಯರನ್ನು ಅರ್ಧಕ್ಕೇ ನಿಲ್ಲಿಸಿಬಿಡ್ಲಾ?"

ಹಿರಿಯರ ಹೆಸರಿಗೆ ಅಡ್ಡ ಬರುವುದು ಮರ್ಯಾದೆಯಲ್ಲ. ಕಾವಲುಗಾರ ಕೈಕಟ್ಟಿ ನಿಂತ. ಬೆರಳು ಹೆಸರಿನ ಜಾಗ ದಾಟಿತು. ವರ್ತಕನ ಅಪ್ಪಣೆಯನ್ನು ಅಳಿಸುತ್ತಾ ಸಾಗಿತು. ಅಪ್ಪಣೆ ಇದ್ದ ಜಾಗದಲ್ಲೇ ಕಿಲಾಡಿ ಕೊನೆಯ ಸಾಲು ಬರೆದ: 'ಇವನಿಗೆ ಎಲ್ಲ ಬಾಗಿಲು ತೆಗೆ.'

ಕಾವಲುಗಾರ ಹೆಸರು ಓದಿದ. ಮುಗಿಯುವಷ್ಟರಲ್ಲಿ ಬಾಯಿ ಒಣಗಿತ್ತು. ಆಮೇಲೆ ಅಪ್ಪಣೆಯ ಜಾಗ ಓದಿದ. ಸೊಂಟದಿಂದ ಬೀಗದಕೈ ಗೊಂಚಲು ತೆಗೆದ. ಉಂಗುರ ಕೇಳಲೇ ಇಲ್ಲ. ಗಂಟುಗಳನ್ನೆಲ್ಲ ಗಾಡಿಗೆ ಹೇರುವಾಗ ಒಂದು ಕೈ ಹಿಡಿದೂ ಕೊಟ್ಟ!

ವರ್ತಕ ಎದೆ ಬಡಿದುಕೊಂಡ. ಕಾವಲುಗಾರನನ್ನು ಓಡಿಸಿ ಹೊಸಬನನ್ನು ಇಟ್ಟ. ಕಬ್ಬಿಣದ ಬಾಗಿಲು ಹಾಕಿಸಿದ. ಆನೆ ತಲೆಯಷ್ಟು ದೊಡ್ಡ ಬೀಗ ಜಡಿದ. ಬೀಗ ನೋಡಿದ ಜನ ನಂಬಿ ಮತ್ತೆ ಗಂಟು ತಂದಿಟ್ಟರು. ಕಿಲಾಡಿಯೂ ಮತ್ತೆ ಬಂದ. ಅವನು ತಂದದ್ದು ಅದೇ ಬೆರಳನ್ನು. ಆ ದೊಡ್ಡ ಬೀಗವನ್ನು ಹೊಸ ಕಾವಲುಗಾರನೇ ಬೆವರು ಸುರಿಸಿ ತೆಗೆದುಕೊಟ್ಟ.

ನೇಮಿರಾಜ ತೊಡೆ ತಟ್ಟಿ ನಕ್ಕ. "ಎಂಥಾ ಪೆದ್ದ ವರ್ತಕ ಗುರುಗಳೇ! ಅಷ್ಟೆಲ್ಲ ಕಬ್ಬಿಣ ಯಾಕೆ? ಹೆಸರಿನ ಜಾಗ ಮುಗಿಯೋ ಕಡೆ ಒಂದು ಕಡ್ಡಿ ಅಡ್ಡ ಇಟ್ಟಿದ್ರೆ ಸಾಕಿತ್ತು. ಬೆರಳು ಅಲ್ಲಿಗೇ ನಿಲ್ತಿತ್ತಪ್ಪ!"

ಇನ್ನೊಮ್ಮೆ ತಟ್ಟಲು ಕೈ ಎತ್ತಿದ. ಗುರುಗಳ ಮಾತಿಗೆ ಆ ಕೈ ಗಾಳಿಯಲ್ಲೇ ನಿಂತಿತು.

"ನಿನ್ನ ಸರ್ವರಿನಲ್ಲಿ ಆ ಕಡ್ಡಿ ಎಲ್ಲಿಟ್ಟಿದ್ದೀಯಪ್ಪಾ, ನೇಮಿರಾಜ?"