ಕೊಳವೆಯ ಒಳಮೈ

"ಗುರುಗಳೇ, ಇಬ್ಬರು ಸೇರಿ ಮಾಡಿದ ಕೆಲಸದಲ್ಲಿ ನನ್ನ ಪಾಲು ಎಷ್ಟೆಂದು ತಿಳಿಯುವುದು ಹೇಗೆ?" ಎಂದು ಪದ್ಮಜಾ ಕೇಳಿದಳು.

ಅವಳು ಸಂಶೋಧನಾ ವಿದ್ಯಾರ್ಥಿನಿ. ತನ್ನ ಮೊದಲ ಪ್ರಬಂಧದಲ್ಲಿ ಯಾರ ಹೆಸರು ಮುಂದೆ ಬರಬೇಕು ಎಂಬ ವಿಷಯಕ್ಕೆ ಜೊತೆಗಾರನೊಡನೆ ಮಾತು ಬಿಟ್ಟಿದ್ದಳು. ಗುರುಗಳು ಕಾಲೇಜಿನಲ್ಲಿ ಪಾಠ ಹೇಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಆದರೂ ಇಂಥ ಪ್ರಶ್ನೆ ಹಿಡಿದು ಮನೆಗೆ ಬಂದವರನ್ನು ಅವರು ಹಿಂದಕ್ಕೆ ಕಳಿಸುತ್ತಿರಲಿಲ್ಲ. ಅವಳನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಸಂಶೋಧನಾಲಯದಲ್ಲಿ ಇಬ್ಬರು ವಿಜ್ಞಾನಿಗಳಿದ್ದರು. ಒಬ್ಬನ ಹೆಸರು ಚನ್ನವೀರ, ಇನ್ನೊಬ್ಬಳ ಹೆಸರು ಫಿಲೋಮಿನಾ. ವಸ್ತುಗಳ ಮೇಲ್ಮೈ ಅವರ ಅಧ್ಯಯನದ ವಿಷಯ. ಒಂದಕ್ಕೆ ಇನ್ನೊಂದು ಏಕೆ ಅಂಟುತ್ತದೆ, ಏಕೆ ಅಂಟುವುದಿಲ್ಲ ಎಂಬುದನ್ನು ನೋಡುವುದರಲ್ಲೇ ಅವರ ವಯಸ್ಸು ಕಳೆದಿತ್ತು.

ಒಮ್ಮೆ ಆ ಊರಿನ ಆಸ್ಪತ್ರೆಯ ವೈದ್ಯೆಯೊಬ್ಬರು ಅವರ ಬಳಿ ಬಂದರು. ಕೆಲವು ಮಕ್ಕಳಿಗೆ ತಲೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಸಣ್ಣ ಕೊಳವೆಯೊಂದನ್ನು ಕೂರಿಸಿ ಆ ನೀರನ್ನು ಹೊಟ್ಟೆಗೆ ಇಳಿಸಬೇಕು. ಆದರೆ ಕೊಳವೆಯ ಒಳಮೈಗೆ ಏನೇನೋ ಅಂಟಿ ಅದು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಮಗುವಿಗೆ ಮತ್ತೆ ಶಸ್ತ್ರಚಿಕಿತ್ಸೆ. ಏನೂ ಅಂಟದಂಥ ಒಳಮೈ ಮಾಡಿಕೊಡಿ ಎಂದು ವೈದ್ಯೆ ಕೇಳಿದರು.

ಇಬ್ಬರೂ ಆ ಕೆಲಸಕ್ಕೆ ಕುಳಿತರು. ಸಂಶೋಧನಾಲಯದ ಹಿಂಭಾಗದಲ್ಲಿ ಕಿಟಕಿಯಿಲ್ಲದ ಚಿಕ್ಕ ಕೋಣೆಯೊಂದಿತ್ತು. ಅದರ ಗಾಳಿಯನ್ನು ಯಂತ್ರವೊಂದು ತಂಪಾಗಿ, ಶುಷ್ಕವಾಗಿ ಇಡುತ್ತಿತ್ತು. ಅಲ್ಲಿ ಕೊಳವೆಯನ್ನು ತೊಳೆದು, ಒಣಗಿಸಿ, ಒಂದು ದ್ರಾವಣದಲ್ಲಿ ಮುಳುಗಿಸಿಡುತ್ತಿದ್ದರು. ದ್ರಾವಣ ಕೊಳವೆಯ ಮೈಗೆ ಹಿಡಿದು ತೆಳುವಾದ ಪದರವಾಗಬೇಕು. ಅಷ್ಟು ಹೊತ್ತು ಇಬ್ಬರೂ ಅಲ್ಲೇ ಕುಳಿತು ಮಾತಾಡುತ್ತಿದ್ದರು. ದ್ರಾವಣದ ಅಳತೆಯ ಬಗ್ಗೆ ವಾದ ಮಾಡುತ್ತಿದ್ದರು. ಕೆಲವೊಮ್ಮೆ ಅವಳು ತಂದ ಮೀನಿನ ಉಪ್ಪಿನಕಾಯಿ ಮತ್ತು ಅವನು ತಂದ ಶೇಂಗಾ ಚಟ್ನಿಪುಡಿಯಲ್ಲಿ ಯಾವುದು ಖಾರ ಎಂಬುದಕ್ಕೂ ವಾದವಾಗುತ್ತಿತ್ತು.

ಎಷ್ಟೋ ಸಲ ಕೆಟ್ಟ ಮೇಲೆ ಪದರ ನಿಂತಿತು. ಕೊಳವೆಯೊಳಗೆ ಏನನ್ನು ಹರಿಸಿದರೂ ಅಂಟಲಿಲ್ಲ. ಇಬ್ಬರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. ವೈದ್ಯೆ ಬಂದು ಕೊಳವೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಸ್ಪತ್ರೆಯ ಪರೀಕ್ಷೆಗೆ ಇಂಥವು ಇನ್ನಷ್ಟು ಬೇಕು, ಬೇಗ ಕೊಡಿ ಎಂದರು.

ಅದೇ ಕಾಲಕ್ಕೆ ಸಂಶೋಧನಾಲಯದಲ್ಲಿ ಒಂದು ಹೊಸ ನಿಯಮ ಬಂತು. ವಿಭಾಗಕ್ಕೆ ಒಬ್ಬ ಮುಖ್ಯಸ್ಥರನ್ನು ಆರಿಸಬೇಕಿತ್ತು. ಅದಕ್ಕಾಗಿ ಪ್ರತಿಯೊಬ್ಬರೂ ತಮ್ಮ ಪ್ರಬಂಧಗಳಲ್ಲಿ ತಮ್ಮ ಪಾಲು ನೂರಕ್ಕೆ ಎಷ್ಟು ಎಂದು ತಿಳಿಸಬೇಕಿತ್ತು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳಿದ. ಚನ್ನವೀರ ಯೋಚಿಸಿ, ಅರವತ್ತು ಎಂದ. ಫಿಲೋಮಿನಾಳೂ ಯೋಚಿಸಿ, ಅರವತ್ತು ಎಂದಳು.

ಅಧಿಕಾರಿ ಇಬ್ಬರನ್ನೂ ಒಟ್ಟಿಗೆ ಕರೆಸಿದ. "ನೂರಕ್ಕಿಂತ ಇಪ್ಪತ್ತು ಹೆಚ್ಚಾಗಿದೆ. ಸರಿಮಾಡಿಕೊಂಡು ಬನ್ನಿ" ಎಂದ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಾನು ಪಟ್ಟ ಕಷ್ಟ ಅವನಿಗೆ ನೆನಪಿತ್ತು, ತನ್ನದು ಅವಳಿಗೆ ನೆನಪಿತ್ತು. ಚನ್ನವೀರನಿಗೆ ತಲೆ ಕೆಟ್ಟಿತು. ದ್ರಾವಣವನ್ನು ಬದಲಿಸಿದ್ದು ತಾನು. ಆದರೆ ಬದಲಿಸಬೇಕೆಂದು ಮೊದಲು ಹೇಳಿದ್ದು ಯಾರು? ಅವಳೆಂದು ಒಮ್ಮೆ ಅನ್ನಿಸಿತು, ಅಲ್ಲವೆಂದು ಒಮ್ಮೆ ಅನ್ನಿಸಿತು. ಅವಳ ಮಾತನ್ನು ಅಲ್ಲಗಳೆಯುವಾಗ ತನಗೆ ಹೊಳೆದದ್ದನ್ನು ಯಾರ ಲೆಕ್ಕಕ್ಕೆ ಹಾಕಬೇಕು? ಅವಳನ್ನು ಕೇಳೋಣವೆಂದರೆ ಕೇಳುವ ಸಲಿಗೆ ಉಳಿದಿರಲಿಲ್ಲ. ಇಷ್ಟು ಕಾಲ ಫಿಲೋಮಿನಾ ಎಂದು ಕರೆಯುತ್ತಿದ್ದವನು ಮೇಡಂ ಎನ್ನತೊಡಗಿದ್ದ.

ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಇಬ್ಬರೂ ಬೇರೆ ಬೇರೆಯಾಗಿ ಕೊಳವೆ ಮಾಡುವುದು. ಯಾರ ಪದರ ನಿಲ್ಲುತ್ತದೆಯೋ ಕೆಲಸ ಅವರದು. ಅವನು ಒಪ್ಪಿದ. ಕೋಣೆಯನ್ನು ದಿನ ಬಿಟ್ಟು ದಿನ ಹಂಚಿಕೊಂಡರು.

ಅವನು ಮಾಡಿದ ಪದರ ನಿಲ್ಲಲಿಲ್ಲ. ಕೊಳವೆಯನ್ನು ಸೀಳಿ ಒಳಮೈಯನ್ನು ಬೆರಳಿನಿಂದ ಉಜ್ಜಿದರೆ ಎದ್ದು ಬರುತ್ತಿತ್ತು. ಏನೋ ಮರೆತಿದ್ದೇನೆ, ಅದು ಅವಳಿಗೆ ಗೊತ್ತಿದೆ ಎಂದುಕೊಂಡ. ಅವಳು ಮಾಡಿದ್ದೂ ನಿಲ್ಲಲಿಲ್ಲ. ಅವನಿಗೆ ಗೊತ್ತಿರುವುದೇನೋ ತನಗೆ ಗೊತ್ತಿಲ್ಲ ಎಂದು ಅವಳು ಅಂದುಕೊಂಡಳು. ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ವೈದ್ಯೆ ಕೇಳಿದಾಗ ಇಬ್ಬರೂ, ಇನ್ನೇನು ಆಗುತ್ತದೆ ಎಂದರು. ಹೀಗೇ ಒಂದು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ವೈದ್ಯೆ ಚನ್ನವೀರನ ಬಳಿ ಬಂದರು. ಅವರು ಕುಳಿತುಕೊಳ್ಳಲೂ ಇಲ್ಲ.

"ನಿನ್ನೆ ಒಂದು ಹೆಣ್ಣುಮಗುವಿನ ತಲೆಯನ್ನು ಮೂರನೆಯ ಸಲ ಬೋಳಿಸಿದೆವು" ಎಂದರು. "ಇದಕ್ಕೆ ಜಡೆ ಹಾಕುವಷ್ಟು ಕೂದಲು ಬರಲಿಕ್ಕೇ ಬಿಡುವುದಿಲ್ಲವಲ್ಲ ನೀವು ಅಂತ ಅದರ ತಾಯಿ ನನ್ನನ್ನು ಕೇಳಿದಳು. ಏನು ಹೇಳಲಿ?"

ಚನ್ನವೀರ ನೇರವಾಗಿ ಹಿಂಭಾಗದ ಕೋಣೆಗೆ ಹೋದ. ಅಂದು ಫಿಲೋಮಿನಾಳ ಸರದಿ. ಅವಳು ಕೊಳವೆಗಳನ್ನು ಮುಳುಗಿಸಿಟ್ಟು ಹೊರಗೆ ಹೊರಟಿದ್ದಳು. ಅವನು ಒಳಗೆ ಬಂದು ಬಾಗಿಲು ಹಾಕಿದ.

"ನನ್ನಿಂದ ಆಗುತ್ತಿಲ್ಲ ಮೇಡಂ. ನಿಮಗೇನು ಗೊತ್ತಿದೆಯೋ ಹೇಳಿಬಿಡಿ. ಪೂರ್ತಿ ನೂರೂ ನಿಮ್ಮದೇ ಅಂತ ಹೇಳಿಬರುತ್ತೇನೆ" ಎಂದ.

"ನನಗೇನು ಗೊತ್ತಿದೆ? ನೀವು ಮುಚ್ಚಿಟ್ಟಿದ್ದೀರಿ ಅಂತ ನಾನು ವರ್ಷವಿಡೀ ಅಂದುಕೊಂಡಿದ್ದೆ. ನನ್ನದೂ ಒಂದೂ ನಿಂತಿಲ್ಲ" ಎಂದಳು.

ಅವನು ನಂಬಲಿಲ್ಲ. ಅವನು ನಂಬದಿದ್ದುದಕ್ಕೆ ಅವಳಿಗೆ ಸಿಟ್ಟು ಬಂತು. ವರ್ಷದ ಸಿಟ್ಟೆಲ್ಲ ಅಂದು ಹೊರಬಂತು. ಇಬ್ಬರೂ ಕೂಗಾಡಿದರು. ಆಮೇಲೆ ಅವಳು ಅತ್ತಳು. ಅವನು ತಲೆ ತಗ್ಗಿಸಿ ಕುಳಿತ. ಕೊಳವೆ ತೆಗೆಯುವ ಹೊತ್ತಾದಾಗ ಅಭ್ಯಾಸಬಲದಿಂದ ಇಬ್ಬರೂ ಎದ್ದು ತೆಗೆದರು. ಅವಳು ಒಂದನ್ನು ಸೀಳಿ ಉಜ್ಜಿ ನೋಡಿದಳು. ಪದರ ಏಳಲಿಲ್ಲ. ಅವನು ಉಜ್ಜಿದ. ಏಳಲಿಲ್ಲ.

ಅವರಿಗೆ ಸಂತೋಷವಾಗಬೇಕಿತ್ತು. ಆದರೆ ಗಲಿಬಿಲಿಯೇ ಹೆಚ್ಚಾಯಿತು. ದ್ರಾವಣ ಅವಳದು, ತೊಳೆದದ್ದು ಅವಳು, ಮುಳುಗಿಸಿದ್ದೂ ಅವಳು. ಚನ್ನವೀರ ಯಾವುದನ್ನೂ ಮುಟ್ಟಿರಲಿಲ್ಲ. ಹಾಗಾದರೆ ಕೆಲಸ ಅವಳೊಬ್ಬಳದು. ಆದರೆ ನಿನ್ನೆಯವರೆಗೆ ಅವಳಿಂದ ಆಗಿರಲಿಲ್ಲ. ಮರುದಿನ ಇಬ್ಬರೂ ಕುಳಿತು ಮಾಡಿದರು, ನಿಂತಿತು. ಅದರ ಮರುದಿನ ಕೊಳವೆ ಮುಳುಗಿಸಿಟ್ಟು ಇಬ್ಬರೂ ಹೊರಗಿದ್ದರು, ನಿಲ್ಲಲಿಲ್ಲ. ಇದು ವಿಜ್ಞಾನವೋ ಮಾಟವೋ ಎಂದು ಅವಳು ಕೇಳಿದಳು.

ಒಂದೊಂದನ್ನೇ ಬಿಡಿಸಿ ನೋಡುತ್ತ ಹೋದರು. ಕಡೆಗೆ ಕಾರಣ ಸಿಕ್ಕಿತು. ಪದರ ಹಿಡಿಯಲು ಗಾಳಿಯಿಂದ ದ್ರಾವಣಕ್ಕೆ ತುಸು ತೇವ ಸೇರಬೇಕಿತ್ತು. ಯಂತ್ರ ಆ ಕೋಣೆಯ ತೇವವನ್ನೆಲ್ಲ ಹೀರಿಬಿಡುತ್ತಿತ್ತು. ಇಬ್ಬರು ಕುಳಿತು ಗಂಟೆಗಟ್ಟಲೆ ಮಾತಾಡಿದರೆ ಅವರ ಉಸಿರಿನಿಂದಲೇ ಬೇಕಾದಷ್ಟು ತೇವ ಸೇರುತ್ತಿತ್ತು. ಒಬ್ಬರೇ ಆದಾಗ ಅಲ್ಲಿ ಕೂರುವ ಕಾರಣವಿರಲಿಲ್ಲ. ಕೊಳವೆ ಮುಳುಗಿಸಿ ಬಾಗಿಲೆಳೆದುಕೊಂಡು ಹೋಗುತ್ತಿದ್ದರು.

ಆಮೇಲೆ ಅವರು ಕೋಣೆಯಲ್ಲಿ ಒಂದು ಬೋಗುಣಿ ಬೆಚ್ಚಗಿನ ನೀರಿಟ್ಟರು. ಯಾರೂ ಕೂರದಿದ್ದರೂ ಪದರ ನಿಂತಿತು. ಅದನ್ನು ಕಂಡು ಫಿಲೋಮಿನಾ ನಕ್ಕಳು. ಚನ್ನವೀರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ತಾವು ಮಾಡಿದ್ದು ಬೋಗುಣಿ ನೀರಿನ ಕೆಲಸವೇ? ಅಥವಾ ಆ ಮಾತುಗಳಲ್ಲಿ ಬೇರೇನಾದರೂ ಇತ್ತೇ?

ಕೊಳವೆಗಳು ಆಸ್ಪತ್ರೆಗೆ ಹೋದವು. ಪಾಲು ಎಷ್ಟೆಂದು ತಿಳಿಸುವುದನ್ನು ಇಬ್ಬರೂ ಮರೆತರು. ಮುಖ್ಯಸ್ಥನ ಸ್ಥಾನ ಮೂರನೆಯವನಿಗೆ ಸಿಕ್ಕಿತು. ಅದು ಅವರಿಗೆ ಬಹಳ ತಡವಾಗಿ, ಯಾರೋ ಹೇಳಿ ಗೊತ್ತಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪದ್ಮಜಾ, "ನನಗೆ ಇನ್ನೂ ಗೊಂದಲವಾಯಿತು ಗುರುಗಳೇ" ಎಂದಳು. "ಆ ಕೆಲಸ ಕೊನೆಗೆ ಯಾರದು? ಅವನದೋ, ಅವಳದೋ, ಉಸಿರಿನದೋ?"

"ಆದ ಕೆಲಸ ಯಾರದೆಂದು ನಾನೂ ಅರಿಯೆನಮ್ಮ, ಏನೂ ಆಗದೆ ಕಳೆದ ಆ ಒಂದು ವರ್ಷದಲ್ಲಿ ಯಾರ ಪಾಲು ನೂರಕ್ಕೆ ಎಷ್ಟು, ನೀನು ಹೇಳು."