ಒಂಬತ್ತು ಜನ ಬಂದ ದಿನ

"ಗುರುಗಳೇ, ನನ್ನಿಂದ ಒಂದು ತಪ್ಪಾಗಿದೆ. ಯಾರ ಕಣ್ಣಿಗೂ ಬಿದ್ದಿಲ್ಲ. ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಸಾಲದೇ?" ಎಂದು ಮಠದ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ತಪ್ಪು ಯಾವುದೆಂದು ಗುರುಗಳು ವಿಚಾರಿಸಲಿಲ್ಲ. ಕೂರಲು ಹೇಳಿ ಕತೆ ಶುರುಮಾಡಿದರು.

ಕಡಲ ತೀರದ ಒಂದು ಪಟ್ಟಣದಲ್ಲಿ ಯಹೂದಿಗಳ ಕೆಲವೇ ಮನೆಗಳಿದ್ದವು. ಅವರಿಗೊಂದು ವಾರಪತ್ರಿಕೆ, ಅದಕ್ಕೊಬ್ಬ ಸಂಪಾದಕ. ಶುಕ್ರವಾರ ಹೊತ್ತು ಮುಳುಗಿತೆಂದರೆ ಅವರಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಅಷ್ಟರೊಳಗೆ ಪತ್ರಿಕೆ ಮನೆಮನೆಗೂ ಸೇರಬೇಕು. ಇಪ್ಪತ್ತೆರಡು ವರ್ಷ ಒಂದು ವಾರವೂ ತಪ್ಪದಂತೆ ಸೇರಿಸಿದ, ಪುಣ್ಯಾತ್ಮ. ಅವನು ಏನೇ ಬರೆದರೂ ಜನ ಮೊದಲು ತಿರುಗಿಸುತ್ತಿದ್ದದ್ದು ಕೊನೆಯ ಪುಟವನ್ನು. ಬರುವ ವಾರ ಯಾರ ಯಾರ ಪುಣ್ಯತಿಥಿ ಎಂಬ ಪಟ್ಟಿ ಅಲ್ಲಿರುತ್ತಿತ್ತು. ತೀರಿಹೋದವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಗಂಡಸರು ಸೇರಲೇಬೇಕು. ಒಬ್ಬ ಕಡಿಮೆಯಾದರೂ ಹೇಳುವ ಹಾಗಿಲ್ಲ. ಪಟ್ಟಿ ನೋಡಿ ಸಂಬಂಧವಿಲ್ಲದವರೂ ಬರುತ್ತಿದ್ದರು.

ನಮ್ಮಂತೆ ಅವರ ಪಂಚಾಂಗದಲ್ಲೂ ಅಧಿಕ ಮಾಸವುಂಟು. ಒಂದು ವರ್ಷ ಆ ಅಧಿಕ ಮಾಸ ಸಂಪಾದಕನ ಲೆಕ್ಕ ಕೆಡಿಸಿತು. ತೀರಿಹೋಗಿದ್ದ ಎಲಿಜಾ ಎಂಬ ಬಡಗಿಯ ಹೆಸರು ಮುಂದಿನ ತಿಂಗಳಿಗೆ ಜಾರಿಬಿಟ್ಟಿತು. ಬಡಗಿಯ ಹೆಂಡತಿ ಮಕ್ಕಳಿಲ್ಲದ ಮುದುಕಿ. ತಿಥಿಯ ದಿನ ಪ್ರಾರ್ಥನಾಲಯದಲ್ಲಿ ಕಾದಳು. ದಿನವೂ ಬರುವ ಒಂಬತ್ತು ಜನ ಬಂದರು, ಅಷ್ಟೇ. ಪ್ರಾರ್ಥನೆ ನಡೆಯಲಿಲ್ಲ.

ಮಾರನೆಯ ದಿನ ಆಕೆ ಪತ್ರಿಕೆಯ ಕಚೇರಿಗೆ ಬಂದಳು. ಜಗಳವಾಡಲಿಲ್ಲ. ಎಲಿಜಾನ ಹೆಸರು ಹಾಕಿಸಲು ಇನ್ನು ಮೇಲೆ ಬೇರೆ ಯಾರನ್ನಾದರೂ ಕೇಳಬೇಕೇ ಎಂದಷ್ಟೇ ವಿಚಾರಿಸಿದಳು. ಸಂಪಾದಕ ಪಂಚಾಂಗ ತೆಗೆದು ನೋಡಿದ, ತಪ್ಪು ತನ್ನದೇ. ಹೆಸರು ಸರಿಯಾಗಿ ಬಂದಿದ್ದರೆ ಹತ್ತನೆಯವನಾಗಿ ತಾನೇ ಹೋಗಿ ಕೂರುತ್ತಿದ್ದೆನಲ್ಲ ಎಂದು ಅವನಿಗೆ ತಡೆಯಲಾರದ ಸಂಕಟವಾಯಿತು.

ಆ ವಾರದ ಮೊದಲ ಪುಟ ಒಬ್ಬ ವರ್ತಕನ ಮಗಳ ಮದುವೆಯ ಸುದ್ದಿಗೆ ಮೀಸಲಾಗಿತ್ತು. ಪತ್ರಿಕೆಯ ಒಡೆಯನೂ ಅವನೇ. ಸಂಪಾದಕ ಮದುವೆಯನ್ನು ಒಳಪುಟಕ್ಕೆ ತಳ್ಳಿದ. ಆ ಜಾಗದಲ್ಲಿ ತನ್ನ ತಪ್ಪನ್ನು ದಪ್ಪ ಅಕ್ಷರಗಳಲ್ಲಿ ಒಪ್ಪಿಕೊಂಡು, ಮಂಗಳವಾರ ಬೆಳಿಗ್ಗೆ ಎಲಿಜಾನ ಪ್ರಾರ್ಥನೆಗೆ ದಯವಿಟ್ಟು ಬನ್ನಿ ಎಂದು ಬರೆದ. ಅಚ್ಚಿಗೆ ಹೋಗುವ ಮೊದಲೇ ವರ್ತಕನಿಗೆ ಸುದ್ದಿ ಮುಟ್ಟಿತು. ಕೆಂಡವಾಗಿ ಬಂದ. ಇದು ಹೀಗೇ ಅಚ್ಚಾದರೆ ನಿನಗೆ ಈ ಕುರ್ಚಿ ಇಲ್ಲ ಎಂದ.

"ಹೇಗೂ ಮುಂದಿನ ತಿಂಗಳು ಹೆಸರು ಬರುತ್ತದಲ್ಲ. ಯಾರಿಗೆ ಗೊತ್ತಾಗುತ್ತದೆ?"

"ಆಕೆಗೆ ಗೊತ್ತು, ಸಾಹುಕಾರರೇ. ಬಂದ ಒಂಬತ್ತು ಜನರನ್ನು ಆಕೆ ಎಣಿಸಿದ್ದಾಳೆ."

ವರ್ತಕ ಹೊರಟುಹೋದ. ಪುಟ ಹಾಗೇ ಅಚ್ಚಾಯಿತು.

ಮಂಗಳವಾರ ಸಂಪಾದಕ, ಕೆಲಸ ಹೋಯಿತೆಂದೇ ತಿಳಿದು, ಪ್ರಾರ್ಥನಾಲಯಕ್ಕೆ ಹೋದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ವರ್ತಕ ಕೂತಿದ್ದ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಆದರೂ ಸರಿದು ಜಾಗ ಕೊಟ್ಟ. ಸಂಪಾದಕ ಮುಂದೆ ಹದಿನೇಳು ವರ್ಷ ಅದೇ ಕುರ್ಚಿಯಲ್ಲಿ ಕೂತ. ವಾರವಾರವೂ ಆ ಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿಟ್ಟು, ಹೆಸರು ಹೆಸರಿಗೂ ಬೆರಳಿಟ್ಟು ಓದಿದ. ಅಂಥವನನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಶಿಷ್ಯನೂ ಕೈ ಮುಗಿದು, ನಿಜಕ್ಕೂ ದೊಡ್ಡ ಮನುಷ್ಯ ಎಂದ.

ಗುರುಗಳು ಕೇಳಿದರು: "ಅದಿರಲಿ. ನಿನ್ನ ತಪ್ಪಿನಿಂದ ಕಾದು ಕೂತವರು ಯಾರು?"